ಐವತ್ತು ಗ್ರಾಮಿನ ಗೆರೆ: ಹಾಸನದ ಒಂದು ಅಂಚೆಚೀಟಿ ಹರಾಜಿನ ಲೆಕ್ಕ

ಈ ಪ್ರಕರಣದ ನಡುವೆ ಇರುವವರು ಹಾಸನದ ಒಬ್ಬ ನಿವೃತ್ತ ಗಣಿತ ಮೇಷ್ಟ್ರು. ಹೆಸರು ಬೇಡ ಅಂದಿದ್ದಾರೆ. "ಮೂವತ್ತೆರಡು ವರ್ಷ ಮಕ್ಕಳಿಗೆ ಲಾಭ ನಷ್ಟದ ಲೆಕ್ಕ ಹೇಳ್ಕೊಟ್ಟೋನು ಪೋಸ್ಟ್ ಖರ್ಚಲ್ಲಿ ಮುಳುಗ್ದ ಅಂತ ಊರೆಲ್ಲ ಆಡ್ಕೊಳ್ಳೋದು ಬೇಡ ಕಣಪ್ಪ" ಎಂದರು. ಹಾಗಾಗಿ ಇಲ್ಲಿ ಅವರು ಬರೀ ಮೇಷ್ಟ್ರು. ಲೆಕ್ಕದ ಪುಸ್ತಕ, ಅಂಚೆ ರಸೀದಿಗಳ ಕಟ್ಟು, ಕೊಂಡವರ ಜೊತೆ ನಡೆದ ಮಾತುಕತೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ನನ್ನ ಮುಂದಿಟ್ಟರು. ನಾನೂ ಅವರ ಹಾಗೆ ಅಂಚೆಚೀಟಿ ಕೂಡಿಡುವ ಗೀಳಿನವನು, ಆದರೆ ಕೊಳ್ಳುವವನೇ ಹೊರತು ಮಾರುವವನಲ್ಲ. ಪೋಸ್ಟೇಜ್ ಅಂತ ಜಾಸ್ತಿ ಕೀಳ್ತಾರೆ ಎಂದು ಮಾರುವವರನ್ನು ವರ್ಷಗಟ್ಟಲೆ ಬೈದುಕೊಂಡೇ ಬಂದಿದ್ದೆ. ಅದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೇಷ್ಟ್ರ ಸಂಗ್ರಹ ಶುರುವಾದದ್ದು 1981ರಲ್ಲಿ. ಶ್ರವಣಬೆಳಗೊಳದ ಗೊಮ್ಮಟ ಮೂರ್ತಿಗೆ ಸಾವಿರ ವರ್ಷವಾದ ಮಹಾಮಸ್ತಕಾಭಿಷೇಕಕ್ಕೆಂದು ಅಂಚೆ ಇಲಾಖೆ ಆ ಫೆಬ್ರುವರಿಯಲ್ಲಿ ಒಂದು ರೂಪಾಯಿಯ ಅಂಚೆಚೀಟಿ ತಂದಿತ್ತು. ಆಗ ಕಾಲೇಜು ಹುಡುಗನಾಗಿದ್ದ ಇವರು ಅದರ ಮೊದಲ ದಿನದ ಲಕೋಟೆ, ಅಂದರೆ ಚೀಟಿ ಅಂಟಿಸಿ ಬಿಡುಗಡೆಯ ದಿನದ ಮುದ್ರೆ ಒತ್ತಿದ ಕವರು, ಒಂದರ ಬದಲು ಆರು ಕೊಂಡರು. ಅಲ್ಲಿಂದ ಹಿಡಿದ ಹುಚ್ಚು. ನಿವೃತ್ತರಾದ ಮೇಲೆ ಎಣಿಸಿದರೆ ಡೂಪ್ಲಿಕೇಟುಗಳೇ, ಅಂದರೆ ಒಂದಕ್ಕಿಂತ ಹೆಚ್ಚಾಗಿ ಉಳಿದ ಪ್ರತಿಗಳೇ, ಹನ್ನೊಂದು ಶೂ ಡಬ್ಬಿ. ಮಗನಿಗೆ ಆಸಕ್ತಿ ಇಲ್ಲ, ಮೊಮ್ಮಗಳಿಗೆ ಇನ್ನೂ ನಾಲ್ಕು ವರ್ಷ. ಮನೆಯಿಂದಲೇ ಕಂಪನಿ ಕೆಲಸ ಮಾಡುವ ಸೊಸೆ, "ಮಾವ, ಡೂಪ್ಲಿಕೇಟ್ ಎಲ್ಲಾ ಹರಾಜಿಗೆ ಹಾಕೋಣ, ಫೋಟೋ ನಾನು ತೆಗೀತೀನಿ" ಎಂದಳು.

ಒಂದು ಕಾಲದಲ್ಲಿ ಇಂಥ ಮಾರಾಟಕ್ಕೆ ಈಬೇ ಇಂಡಿಯಾ ಇತ್ತು. 2018ರ ಆಗಸ್ಟಿನಲ್ಲಿ ಅದು ಬಾಗಿಲು ಹಾಕಿದ ಮೇಲೆ ನಮ್ಮ ಹವ್ಯಾಸಿಗಳು ಸಣ್ಣಪುಟ್ಟ ಹರಾಜು ತಾಣಗಳಿಗೆ, ವಾಟ್ಸಾಪ್ ಗುಂಪುಗಳಿಗೆ ಚದುರಿಹೋದರು. ಮೇಷ್ಟ್ರು ಅಂಥದ್ದೊಂದು ತಾಣದಲ್ಲಿ ಖಾತೆ ತೆರೆದರು. ಮಾರಿದ ಬೆಲೆಯ ಮೇಲೆ ನೂರಕ್ಕೆ ಹತ್ತು ಕಮಿಷನ್. ಅಂಚೆ ವೆಚ್ಚ ಎಷ್ಟೆಂದು ಮಾರುವವರೇ ಹರಾಜಿಗೆ ಮೊದಲು ಬರೆದಿಡಬೇಕು, ಬಿಡ್ ಬಿದ್ದ ಮೇಲೆ ಬದಲಾಯಿಸುವಂತಿಲ್ಲ.

ಮೇಷ್ಟ್ರು ಬರೆದದ್ದು: "ರಿಜಿಸ್ಟರ್ಡ್ ಪೋಸ್ಟ್ 30 ರೂ., ಎಷ್ಟೇ ಲಾಟ್ ತೆಗೆದುಕೊಂಡರೂ." ಲಾಟ್ ಅಂದರೆ ಹರಾಜಿನಲ್ಲಿ ಒಂದೇ ಬೆಲೆಗೆ ಹೋಗುವ ಸಾಮಾನು, ಅದು ಒಂದೇ ಲಕೋಟೆ ಇರಬಹುದು, ಚೀಟಿಗಳ ಪೊಟ್ಟಣವೂ ಇರಬಹುದು.

ಮೂವತ್ತು ಎಲ್ಲಿಂದ ಬಂತು

ಅದು ಗಾಳಿಯಲ್ಲಿ ಹಿಡಿದ ಅಂಕಿ ಅಲ್ಲ. ಆಗ ರಿಜಿಸ್ಟರ್ಡ್ ಪತ್ರಕ್ಕೆ ನೋಂದಣಿ 17 ರೂಪಾಯಿ, ಮೊದಲ 20 ಗ್ರಾಮಿಗೆ 5, ಮೇಲೆ ಜಿಎಸ್‌ಟಿ. ಒಟ್ಟು 25 ರೂಪಾಯಿ 96 ಪೈಸೆ. ಇನ್ನೊಂದು 20 ಗ್ರಾಂ ಏರಿದರೆ 31 ರೂಪಾಯಿ 86 ಪೈಸೆ. ಬಿಡಿ ಅಂಚೆಚೀಟಿ ಕಳುಹಿಸಿದಾಗ ನಾಲ್ಕು ರೂಪಾಯಿ ಉಳಿಯುತ್ತಿತ್ತು, ಲಕೋಟೆ ಕಳುಹಿಸಿದಾಗ ಎರಡು ರೂಪಾಯಿ ಕೈಬಿಡುತ್ತಿತ್ತು. ಅಲ್ಲಿ ಹೋದದ್ದು ಇಲ್ಲಿ ಬಂತು. ವರ್ಷದ ಕೊನೆಗೆ ಅಂಚೆ ಬಾಬ್ತಿನಲ್ಲಿ ಹೆಚ್ಚುಕಮ್ಮಿ ಸೊನ್ನೆ. ಮೇಷ್ಟ್ರಿಗೆ ಅದೊಂದು ಹೆಮ್ಮೆಯಾಗಿತ್ತು.

2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟಿಗೇ ಹೊಸ ದರ ಬಂತು. 2012ರಿಂದ ಕದಲದೆ ನಿಂತಿದ್ದ ದರ ಅದು, ಏರಿದ್ದು ಅನ್ಯಾಯ ಎಂದು ನಾನು ಹೇಳಲಾರೆ. ಆದರೆ ಮೇಷ್ಟ್ರಂಥವರಿಗೆ ಬಿದ್ದ ಪೆಟ್ಟು ದರ ಏರಿಕೆಯದಲ್ಲ, ಮೆಟ್ಟಿಲೇ ಬದಲಾದದ್ದು. ಮೊದಲು 20 ಗ್ರಾಮಿಗೊಂದು ಸಣ್ಣ ಮೆಟ್ಟಿಲು. ಈಗ 50 ಗ್ರಾಂವರೆಗೆ ಒಂದು, ಅಲ್ಲಿಂದ 250ರವರೆಗೆ ಇನ್ನೊಂದು, ಆಮೇಲೆ 500ರವರೆಗೆ ಮತ್ತೊಂದು. 50 ಗ್ರಾಮಿನೊಳಗೆ ಸ್ಥಳೀಯ ಅಂಚೆ ಬಿಟ್ಟರೆ ದೇಶದ ಯಾವ ಮೂಲೆಗಾದರೂ 47 ರೂಪಾಯಿ, ತೆರಿಗೆ ಸೇರಿ 55.46. ಇಲ್ಲಿಂದ ಅರವತ್ತು ಕಿಲೋಮೀಟರ್ ಆಚೆಯ ಚಿಕ್ಕಮಗಳೂರಿಗೂ ಅಷ್ಟೇ, ಗುವಾಹಟಿಗೂ ಅಷ್ಟೇ. 50 ದಾಟಿದರೆ ದೂರ ಲೆಕ್ಕಕ್ಕೆ ಬರುತ್ತದೆ: 200 ಕಿಲೋಮೀಟರ್ ಒಳಗೆ 59, 500ರೊಳಗೆ 63, 1000ದೊಳಗೆ 68, 2000ದೊಳಗೆ 72, ಅದರಾಚೆ 77. ಎಲ್ಲದಕ್ಕೂ ಮೇಲೆ 18 ಪರ್ಸೆಂಟ್ ಜಿಎಸ್‌ಟಿ.

ಸೊಸೆ ಆಗಸ್ಟಿನಲ್ಲೇ ಅಕ್ಟೋಬರ್ ಹರಾಜಿನ ಲಾಟ್‌ಗಳನ್ನೆಲ್ಲ ತುಂಬಿಸಿಟ್ಟಿದ್ದಳು. ಹಳೆಯ ಸಾಲನ್ನೇ ಕಾಪಿ ಮಾಡಿ ಎಲ್ಲದರ ಕೆಳಗೂ ಅಂಟಿಸಿದ್ದಳು. ಪತ್ರಿಕೆಯಲ್ಲಿ ದರದ ಸುದ್ದಿ ಬಂದದ್ದನ್ನು ಮೇಷ್ಟ್ರು ಓದಿದ್ದರು. ಓದಿ, ಕತ್ತರಿಸಿ, ಫೈಲಿಗೂ ಹಾಕಿದ್ದರು! ತಮ್ಮ ಲಾಟಿನ ಕೆಳಗಿನ ಆ ಒಂದು ಸಾಲು ಮಾತ್ರ ನೆನಪಾಗಲಿಲ್ಲ.

ಅಕ್ಟೋಬರ್

ಹರಾಜು ಮುಗಿದಾಗ 38 ಲಾಟ್ ಹೋಗಿದ್ದವು, 23 ಜನ ಕೊಂಡಿದ್ದರು. ಒಟ್ಟು ಮಾರಾಟ 4,180 ರೂಪಾಯಿ. ಅಂಚೆಗೆಂದು ಬಂದದ್ದು 23 ಮೂವತ್ತಲ 690. ಮಾರನೇ ದಿನ ಪ್ರಧಾನ ಅಂಚೆ ಕಚೇರಿಯ ಕೌಂಟರಿನಲ್ಲಿ ರಸೀದಿ ಒಂದೊಂದಾಗಿ ಹೊರಬರತೊಡಗಿತು. ಒಂದೇ ಲಾಟ್ ಕೊಂಡ ಹದಿನಾಲ್ಕು ಜನರ ಕವರಿಗೆ ತಲಾ 55.46. ಉಳಿದ ಒಂಬತ್ತೂ 50 ಗ್ರಾಂ ಮೀರಿದವು. ಬೆಂಗಳೂರಿನ ನಾಲ್ಕಕ್ಕೆ 69.62, ಮುಂಬೈ ಪುಣೆ ಕಡೆಯ ಮೂರಕ್ಕೆ 80.24, ಜೈಪುರದ್ದಕ್ಕೆ 84.96, ಗುವಾಹಟಿಯದಕ್ಕೆ 90.86. ಕೂಡಿದರೆ 1,471 ರೂಪಾಯಿ 46 ಪೈಸೆ. ಅಂದರೆ ಅಂಚೆ ಒಂದರಲ್ಲೇ 781 ರೂಪಾಯಿ ಕೈಯಿಂದ. ಕಮಿಷನ್ 418, ಪ್ಯಾಕಿಂಗಿಗೆ ತಲಾ 12ರಂತೆ 276. ಎಲ್ಲಾ ಕಳೆದು ಮೇಷ್ಟ್ರ ಕೈಗೆ ಬಂದದ್ದು 2,704 ರೂಪಾಯಿ ಚಿಲ್ಲರೆ.

ಇದರಲ್ಲಿ ಹೊಟ್ಟೆ ಉರಿಸಿದ್ದು ಒಂದು 40 ರೂಪಾಯಿಯ ಲಾಟು. ಬಳಸಿದ ಅಂಚೆಚೀಟಿಗಳ ಒಂದು ಸಣ್ಣ ಪೊಟ್ಟಣ ಅದು. 40ಕ್ಕೆ ಹೋಯಿತು, 30 ಅಂಚೆಗೆ ಬಂತು. ಅದರಲ್ಲಿ ಅಂಚೆಗೆ 55.46, ಪ್ಯಾಕಿಂಗಿಗೆ 12, ಕಮಿಷನ್ನಿಗೆ 4 ಹೋಗಿ, ಒಂದೂವರೆ ರೂಪಾಯಿಯಷ್ಟು ಮೇಷ್ಟ್ರೇ ಕೊಟ್ಟು, ಸಾಮಾನನ್ನೂ ಕೊಟ್ಟಂತಾಯಿತು. ಕೊಂಡವರಿಗೆ ಅವರು ಸಂದೇಶ ಕಳುಹಿಸಿದರು: ದರ ಏರಿದೆ, ದಯವಿಟ್ಟು ಇನ್ನೊಂದು 25 ರೂಪಾಯಿ ಕಳುಹಿಸಿ. ಉತ್ತರ ಬರಲಿಲ್ಲ, ತಾಣದಲ್ಲಿ ಅಭಿಪ್ರಾಯ ಬಂತು: "ಹರಾಜು ಆದಮೇಲೆ ಹೆಚ್ಚಿಗೆ ದುಡ್ಡು ಕೇಳುತ್ತಾರೆ. ಎಚ್ಚರ." ನಲವತ್ತು ವರ್ಷದ ಸಂಗ್ರಹಕ್ಕೆ ಸಿಕ್ಕ ಮೊದಲ ಕೆಂಪು ಗುರುತು ಅದು. ಮೇಷ್ಟ್ರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಸೊಸೆ ಹೇಳಿದಳು. ಕೊಂಡವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ ಎಂಬುದೇ ಅವರಿಗೆ ಹೆಚ್ಚು ಚುಚ್ಚಿದ್ದು.

ಆ ಸಿಟ್ಟಿನಲ್ಲಿ ಇನ್ನೊಂದು ತಪ್ಪು ಮಾಡಿದರು. ಅದೇ ವಾರ ವಾಟ್ಸಾಪ್ ಗುಂಪಿನಲ್ಲಿ ಮಾರಿದ ಐದು ಲಾಟ್‌ಗಳನ್ನು ಸಾದಾ ಅಂಚೆಗೆ ಹಾಕಿದರು. 20 ಗ್ರಾಮಿಗೆ 5 ರೂಪಾಯಿಯಂತೆ ಹತ್ತು ರೂಪಾಯಿಯ ಚೀಟಿ ಅಂಟಿಸಿದರೆ ಆಯಿತು. ನಾಲ್ಕು ಮುಟ್ಟಿದವು, ಒಂದು ಮುಟ್ಟಲಿಲ್ಲ. ಅಥವಾ ಮುಟ್ಟಲಿಲ್ಲವೆಂದು ಕೊಂಡವರು ಹೇಳಿದರು. ಎರಡರಲ್ಲಿ ಯಾವುದು ನಿಜವೆಂದು ತೀರ್ಮಾನಿಸಲು ಮೇಷ್ಟ್ರ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ. ಮೊದಲಾದರೆ ಅಂಚೆಗೆ ಹಾಕಿದ್ದಕ್ಕೆ ಮುದ್ರೆ ಒತ್ತಿದ ಯುಪಿಸಿ ಚೀಟಿಯಾದರೂ ಸಿಗುತ್ತಿತ್ತು, ನಮ್ಮ ವಯಸ್ಸಿನವರಿಗೆ ನೆನಪಿರಬೇಕು. ಅದು 2011ರಲ್ಲೇ ನಿಂತುಹೋಯಿತು. ಐದು ಕವರಿನಲ್ಲಿ ಉಳಿಸಿದ್ದು ಸುಮಾರು 227 ರೂಪಾಯಿ. ವಾಪಸ್ ಕೊಟ್ಟದ್ದು 350.

ಹಾಗೆಂದು ಸ್ಪೀಡ್ ಪೋಸ್ಟ್ ಮಾಡಿದರೆ ವಸ್ತುವಿನ ಬೆಲೆಗೆ ರಕ್ಷಣೆ ಸಿಕ್ಕಿತು ಎಂದುಕೊಳ್ಳುವುದೂ ಭ್ರಮೆ. ಅದರಲ್ಲಿ ಸಿಗುವುದು ಪತ್ತೆ ಹಚ್ಚಲು ಒಂದು ಸಂಖ್ಯೆ, ತಲುಪಿದ್ದಕ್ಕೆ ಪುರಾವೆ. ಒಳಗಿನ ಬೆಲೆಗೆ ಭದ್ರತೆ ಬೇಕಾದರೆ ವಿಮೆಯ ಮಾತೇ ಬೇರೆ. ಮೇಷ್ಟ್ರ ಬಳಿ 1948ರ ಆಗಸ್ಟ್ 15ರಂದು ಬಂದ ಗಾಂಧಿ ಅಂಚೆಚೀಟಿಗಳಲ್ಲಿ ಹನ್ನೆರಡಾಣೆಯದು ಒಂದಿದೆ. ಅದನ್ನು ಅವರು ಇವತ್ತಿಗೂ ಹರಾಜಿಗೆ ಹಾಕಿಲ್ಲ.

ಅಡುಗೆಮನೆಯ ತಕ್ಕಡಿ

ದಸರಾ ರಜೆ ಮುಗಿದ ಮೇಲೆ ಮೇಷ್ಟ್ರು ಸೊಸೆ ಕೇಕ್ ಮಾಡಲೆಂದು ತರಿಸಿದ್ದ ಡಿಜಿಟಲ್ ತಕ್ಕಡಿಯನ್ನು ತಮ್ಮ ಮೇಜಿಗೆ ಸಾಗಿಸಿದರು. ತೂಗಿದ್ದು ಹೀಗಿದೆ. ಹೊರ ಕವರು 8 ಗ್ರಾಂ. ಬಾಗದಂತೆ ಇಡುವ ಎರಡು ರಟ್ಟು 16. ಪ್ಲಾಸ್ಟಿಕ್ ಹೊದಿಕೆಯ ಜೊತೆ ಒಂದು ಮೊದಲ ದಿನದ ಲಕೋಟೆ 11. ಟೇಪು, ಕೊಂಡವರಿಗೆ ಮೇಷ್ಟ್ರು ಕೈಯಾರೆ ಬರೆದಿಡುವ ಧನ್ಯವಾದದ ಚೀಟಿ ಸೇರಿ 2. ಒಟ್ಟು 37. ಎರಡು ಲಕೋಟೆ ಇಟ್ಟರೆ 48. ಮೂರಾದರೆ 59, ಗೆರೆ ದಾಟಿತು, ಪುಣೆಗೆ ಹೋಗುವುದಾದರೆ ಸುಮಾರು 25 ರೂಪಾಯಿ ಜಾಸ್ತಿ.

ರಟ್ಟನ್ನೇ ತೆಗೆದುಬಿಡಿ ಎಂದೆ ನಾನು. ಮೇಷ್ಟ್ರು ನನ್ನನ್ನು ಒಂಬತ್ತನೇ ಕ್ಲಾಸಿನ ಹುಡುಗನನ್ನು ನೋಡುವಂತೆ ನೋಡಿದರು. ಮಡಿಕೆ ಬಿದ್ದ ಲಕೋಟೆಗೆ ಅರ್ಧ ಬೆಲೆಯೂ ಇಲ್ಲ. ಸಕಲೇಶಪುರ, ಮೂಡಿಗೆರೆ ಕಡೆಗಾದರೆ ಮಳೆಗಾಲದ ಥಂಡಿಗೆ ಅಂಟು ಇರುವ ಹೊಸ ಚೀಟಿ ಕಾಗದಕ್ಕೆ ಹಿಡಿದುಕೊಂಡುಬಿಡುತ್ತದೆ, ಪ್ಲಾಸ್ಟಿಕ್ಕೂ ಬೇಕೇ ಬೇಕು. ಕಡೆಗೆ ದಾರಿ ತೋರಿಸಿದ್ದು ಮನೆಯ ಅಟ್ಟದ ಮೇಲಿದ್ದ ಹಳೆಯ ಲಗ್ನಪತ್ರಿಕೆಗಳು. ಒಂದು ಪತ್ರಿಕೆಯ ರಟ್ಟು 7 ಗ್ರಾಂ, ಎರಡು ರಟ್ಟಿನ ಕೆಲಸ ಅದೊಂದೇ ಮಾಡಿತು. ಈಗ ಮೂರು ಲಕೋಟೆ ಇಟ್ಟರೂ ಸರಿಯಾಗಿ 50.

ಮನೆಯ ತಕ್ಕಡಿಯಲ್ಲಿ 50. ಕೌಂಟರಿನ ಯಂತ್ರ 51 ತೋರಿಸಿತು.

"ಸಾರ್, ಒಂದ್ ಗ್ರಾಂ ಜಾಸ್ತಿ ಬರ್ತೈತೆ. ಹಿಂಗೇ ಹಾಕ್ಲಾ, ಇಲ್ಲಾ ಏನಾರ ತೆಗಿತೀರಾ?" ಎಂದು ಕೌಂಟರಿನಲ್ಲಿದ್ದವರು ಕೇಳಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ಮೇಷ್ಟ್ರು ಟೇಪು ಬಿಚ್ಚಿ, ಒಳಗಿನ ಧನ್ಯವಾದದ ಚೀಟಿ ತೆಗೆದು ಜೇಬಿಗಿಟ್ಟುಕೊಂಡು, ಅಲ್ಲೇ ಇದ್ದ ಗೋಂದಿನಲ್ಲಿ ಮುಚ್ಚಿದರು. ಯಂತ್ರ 50ಕ್ಕೆ ಇಳಿಯಿತು. ಅವತ್ತಿನಿಂದ ಮನೆಯ ತಕ್ಕಡಿಯಲ್ಲಿ 48 ಮೀರಿದ್ದನ್ನು ಅವರು ಗೆರೆ ದಾಟಿದ್ದೆಂದೇ ಲೆಕ್ಕ ಹಿಡಿಯುತ್ತಾರೆ.

ಗ್ರಾಂ ಉಳಿಸುವ ಈ ಸಾಹಸ ಕಣ್ಣಿಗೆ ಚೆಂದ. ಹಣದ ಲೆಕ್ಕದಲ್ಲಿ ಅದು ಸಣ್ಣದು. ದೊಡ್ಡದು ಹೊಳೆದದ್ದು ಆಮೇಲೆ, ಅದೂ ಕ್ಯಾಲೆಂಡರಿನ ಹಿಂಬದಿಯಲ್ಲಿ.

ಅಂಚೆ ಖರ್ಚು ಯಾರದು

ಇದನ್ನು ಮೇಷ್ಟ್ರು ಹೇಳಿದ ಹಾಗೆಯೇ ಹೇಳುತ್ತೇನೆ. ಒಂದು ಲಕೋಟೆ ನನಗೆ 150 ರೂಪಾಯಿಗೆ ಬಾಳುತ್ತದೆ ಅಂದುಕೊಳ್ಳಿ. ಅಂಚೆ 56. ನಾನು ಬುದ್ಧಿ ಇರುವವನಾದರೆ 94ಕ್ಕೆ ಬಿಡ್ ನಿಲ್ಲಿಸುತ್ತೇನೆ. ನನ್ನ ಎದುರಾಳಿಯೂ ಹಾಗೆಯೇ. ಹಾಗಾದರೆ 56 ರೂಪಾಯಿ ಕೊಂಡವರು ಕೊಟ್ಟರು ಎನ್ನುವುದು ಬರೀ ಬಾಯಿಮಾತು. ಅದು ಮಾರುವವರ ಬೆಲೆಯಿಂದ ಮೊದಲೇ ಕಳೆದುಹೋಗಿದೆ. "ಅಂಚೆ ಉಚಿತ" ಎಂದು ಬರೆದರೆ ಬಿಡ್ 150ರವರೆಗೆ ಹತ್ತಿ, ಆ 56ನ್ನು ಮಾರುವವರೇ ಕಟ್ಟುತ್ತಾರೆ. ಎರಡೂ ಒಂದೇ. ಕಮಿಷನ್ ಮಾತ್ರ ಎರಡನೆಯದರಲ್ಲಿ ಜಾಸ್ತಿ. ಬೆಲೆ ಒಂದು ರೂಪಾಯಿ, ಅಂಚೆ ಇನ್ನೂರು ಎಂದು ಬರೆದು ಕಮಿಷನ್ ತಪ್ಪಿಸುವ ಜಾಣರಿಗೆ ಕಡಿವಾಣ ಹಾಕಲು ಈಬೇ 2011ರಲ್ಲಿ ಅಮೆರಿಕದಲ್ಲಿ ಅಂಚೆಯನ್ನೂ ಸೇರಿಸಿ ಕಮಿಷನ್ ಹಿಡಿಯಲು ಶುರುಮಾಡಿತು.

ಈಗ ಅದೇ ಮಾರುವವರಿಂದ ನಾನು ಆಗಲೇ ಎರಡು ಲಾಟ್ ಗೆದ್ದಿದ್ದೇನೆ, ಅಂಚೆ ಒಟ್ಟಿಗೇ ಬರುತ್ತದೆ ಎನ್ನಿ. ಮೂರನೆಯದಕ್ಕೆ ನನಗೆ ಅಂಚೆ ಸೊನ್ನೆ. ನಾನು 150ರವರೆಗೂ ಹೋಗಬಲ್ಲೆ. ನನ್ನಂಥವರು ಇಬ್ಬರಿದ್ದರೆ ಲಕೋಟೆ 150ಕ್ಕೆ ಹತ್ತಿರ ಹೋಗುತ್ತದೆ. ಒಂಟಿ ಲಾಟಿನವರೇ ಇದ್ದರೆ 94ಕ್ಕೆ ನಿಲ್ಲುತ್ತದೆ. "ನಂದು ಅಂಚೆ ದರ ತಪ್ಪಾಗಿದ್ದಲ್ಲ ಕಣಪ್ಪ, ಗಿರಾಕಿ ಗಂಟು ಕಟ್ಕೊಳ್ಳೋಕೆ ಪುರುಸೊತ್ತು ಕೊಡ್ದೆ ಇದ್ದದ್ದು ತಪ್ಪು" ಎಂದರು.

ಇಲ್ಲಿ ನನಗೆ ನನ್ನ ಹಳೆಯ ಕುದಿತ ನೆನಪಾಯಿತು. ಹಿಂದೊಮ್ಮೆ ಬೇರೆ ರಾಜ್ಯದ ಒಬ್ಬ ಮಾರಾಟಗಾರರಿಂದ ಹನ್ನೊಂದು ಲಾಟ್ ಗೆದ್ದು, ಲಾಟಿಗೆ 60ರಂತೆ 660 ರೂಪಾಯಿ ಅಂಚೆ ಕಟ್ಟಿದ್ದೆ. ಬಂದದ್ದು ಒಂದೇ ಕವರು. ಅವರಿಗೆ ಅವತ್ತು ಸುಮಾರು ಆರುನೂರು ಉಳಿದಿರಬೇಕು. ಆದರೆ ಅವರಿಂದ ನಾನು ಮತ್ತೆ ಏನನ್ನೂ ಕೊಂಡಿಲ್ಲ.

ನವೆಂಬರ್

ಹೊಸ ಹರಾಜಿಗೆ ಮೇಷ್ಟ್ರು ಬರೆದದ್ದು: ಮೂರು ಲಕೋಟೆಯವರೆಗೆ 56 ರೂಪಾಯಿ, ಅದರ ಮೇಲೆ 250 ಗ್ರಾಂವರೆಗೆ ದೂರ ಎಷ್ಟಿದ್ದರೂ 80. ಗೆದ್ದದ್ದನ್ನು ಮೂವತ್ತು ದಿನ ಇಲ್ಲೇ ಇಟ್ಟಿರುತ್ತೇನೆ, ಕೊನೆಗೆ ಒಂದೇ ಸಲ ದುಡ್ಡು, ಒಂದೇ ಸಲ ಅಂಚೆ. ನೂರು ರೂಪಾಯಿಗಿಂತ ಕೆಳಗಿನ ಬಿಡಿ ಚೀಟಿಗಳನ್ನೆಲ್ಲ ಹತ್ತಿಪ್ಪತ್ತು ಸೇರಿಸಿ ಒಂದೊಂದು ಲಾಟ್ ಮಾಡಿದರು.

ಹೋದದ್ದು 34 ಲಾಟ್, ಕೊಂಡವರು ಹತ್ತೇ ಜನ. ಮಾರಾಟ 4,920. ಒಂಟಿ ಲಾಟಿನವರು ಮೂವರು. ಆರು ಜನರದ್ದು ಗಂಟು: ಬೆಂಗಳೂರಿಗೆ ಎರಡು, ಮುಂಬೈ ಪುಣೆಗೆ ಮೂರು, ಗುವಾಹಟಿಗೆ ಒಂದು. ಅಂಚೆಗೆ ಬಂದದ್ದು 648, ಕೊಟ್ಟದ್ದು 637 ರೂಪಾಯಿ 20 ಪೈಸೆ. ಹತ್ತು ರೂಪಾಯಿ ಎಂಬತ್ತು ಪೈಸೆ ಉಳಿತಾಯ! ಆ ಸಾಲಿನ ಕೆಳಗೆ ಮೇಷ್ಟ್ರು ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದಿದ್ದಾರೆ. ಕಮಿಷನ್, ಪ್ಯಾಕಿಂಗ್ ಕಳೆದು ಕೈಗೆ ಸಿಕ್ಕಿದ್ದು 4,330.

ಈ ಅಂಕಿಯನ್ನು ನೋಡಿ ಕುಣಿಯುವ ಮೊದಲು ಒಂದು ಮಾತು. ನವೆಂಬರಿನಲ್ಲಿ 1981ರ ಗೊಮ್ಮಟ ಲಕೋಟೆಯೂ ಇತ್ತು, ಅಕ್ಟೋಬರಿನಲ್ಲಿ ಇರಲಿಲ್ಲ. ಅದಕ್ಕೇ ನಾನು ಎರಡೂ ಸಲ ಇದ್ದ ಒಂದೇ ಬಗೆಯ ಲಾಟ್‌ಗಳನ್ನು ಮಾತ್ರ ಹೋಲಿಸಿದೆ. 2006ರ ಗಂಧದ ವಾಸನೆಯ ಅಂಚೆಚೀಟಿಯ ಲಕೋಟೆ 85ರಿಂದ 120ಕ್ಕೆ ಏರಿತ್ತು. 2008ರ ಮಲ್ಲಿಗೆಯದು 70ರಿಂದ 95ಕ್ಕೆ. 2007ರ ಗುಲಾಬಿ ಮಾತ್ರ 90ರಿಂದ 75ಕ್ಕೆ ಇಳಿದಿತ್ತು. ಮೇಷ್ಟ್ರ ಲೆಕ್ಕ ಸರಿಯೆಂದೇ ನನ್ನ ಅನಿಸಿಕೆ, ಆದರೆ ಎರಡು ಹರಾಜಿನಿಂದ ಸಾಬೀತಾಯಿತು ಎಂದು ಎದೆ ತಟ್ಟಿ ಹೇಳುವಷ್ಟಿಲ್ಲ.

ಗಂಟಿನ ವ್ಯವಹಾರಕ್ಕೂ ಅದರದೇ ತೊಡಕುಂಟು. ಹನ್ನೊಂದನೆಯವರೊಬ್ಬರು ನಾಲ್ಕು ಲಾಟ್ ಗೆದ್ದು, ಇಟ್ಟಿರಿ ಸಾರ್ ಎಂದು ಹೇಳಿ, ಮೂವತ್ತನೇ ದಿನ ಫೋನೇ ಎತ್ತಲಿಲ್ಲ. 410 ರೂಪಾಯಿಯ ಮಾಲು ಮತ್ತೆ ಡಬ್ಬಿಗೆ ಬಂತು. ಅದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ.

ಇನ್ನೊಂದು, ವಾಪಸಾತಿ. 2017ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಕಾಫಿ ವಾಸನೆಯ ನೂರು ರೂಪಾಯಿ ಅಂಚೆಚೀಟಿಯ ಲಕೋಟೆ ಪುಣೆಗೆ ಹೋಗಿತ್ತು. ವಾಸನೆ ಬರ್ತಾ ಇಲ್ಲ, ವಾಪಸ್ ತಗೊಳ್ಳಿ ಎಂದರು. ಎಂಟು ವರ್ಷ ಶೂ ಡಬ್ಬಿಯಲ್ಲಿದ್ದ ಕಾಫಿ ಇನ್ನೆಷ್ಟು ಘಮ್ಮೆನ್ನಬೇಕು? ಮೇಷ್ಟ್ರು ಕೂತು ಲೆಕ್ಕ ಹಾಕಿದರು. ವಾಪಸ್ ತೆಗೆದುಕೊಂಡರೆ ಹೋದ ಅಂಚೆ, ಬರುವ ಅಂಚೆ ಎರಡೂ ತಮ್ಮ ತಲೆಗೇ, ನೂರಾಹನ್ನೊಂದು ರೂಪಾಯಿ. ಲಕೋಟೆ ನೀವೇ ಇಟ್ಕೊಳ್ಳಿ, 60 ರೂಪಾಯಿ ಹಿಂದಿರುಗಿಸುತ್ತೇನೆ ಎಂದರು. ಅವರು ಒಪ್ಪಿದರು. ಈಗ ವಾಸನೆಯ ಲಾಟ್‌ಗಳ ಕೆಳಗೆಲ್ಲ "ವಾಸನೆಗೆ ಖಾತ್ರಿ ಇಲ್ಲ" ಎಂದು ಬರೆದಿದೆ.

ವಿದೇಶದಿಂದಲೂ ಒಂದು ಕೋರಿಕೆ ಬಂದಿತ್ತು, ಮೈಸೂರು ಅಂಚೆಯ ಕಾಲದ ಒಂದು ಹಳೆಯ ಕಾಗದಕ್ಕೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ ಶುರುವಾಗಿ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋದ ವ್ಯವಸ್ಥೆ ಅದು. ಅಂಚೆ ವೆಚ್ಚ ಎಷ್ಟಾದರೂ ಕೊಡುತ್ತೇನೆ ಎಂದರು ಕೇಳಿದವರು. ಪುರಾತನ ವಸ್ತುಗಳ 1972ರ ಕಾಯ್ದೆಯಲ್ಲಿ 75 ವರ್ಷ ದಾಟಿದ, ಚಾರಿತ್ರಿಕ ಮೌಲ್ಯದ ದಾಖಲೆಯೂ ಬರುತ್ತದೆ, ಖಾಸಗಿಯವರು ಅದನ್ನು ದೇಶದಾಚೆಗೆ ಕಳುಹಿಸುವಂತಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಹತ್ತು ಜನರಲ್ಲಿ ನಾನು ಬಿಟ್ಟ ಹತ್ತನೆಯವರು ಚಿಕ್ಕಮಗಳೂರಿನ ಕಡೆಯ ಒಬ್ಬ ಕಾಫಿ ಬೆಳೆಗಾರರು. ಏಳು ಲಾಟ್ ಗೆದ್ದಿದ್ದರು. "ಅರವತ್ತು ಕಿಲೋಮೀಟರಿಗೆ ಎಂಬತ್ತು ರೂಪಾಯಿ ಯಾಕ್ರೀ ಮೇಷ್ಟ್ರೇ, ಹಾಸನಕ್ಕೆ ಮದ್ವೆಗೆ ಬರೋದಿದೆ, ನಾನೇ ಬರ್ತೀನಿ" ಎಂದವರು ಒಂದು ಭಾನುವಾರ ಬಂದೇಬಿಟ್ಟರು. ಬರುವಾಗ ತೋಟದ ಕಾಫಿಪುಡಿ ಅರ್ಧ ಕೆಜಿ ತಂದಿದ್ದರು. ಮೂರು ಗಂಟೆ ಕೂತು, ಏಳು ಲಾಟಿನ ಜೊತೆ ಇನ್ನೂ ಐದು ಆರಿಸಿಕೊಂಡು ಹೋದರು. ಆ ಐದನ್ನು ಯಾವ ಖಾತೆಗೆ ಬರೆಯಬೇಕೆಂದು ಮೇಷ್ಟ್ರಿಗೆ ಇನ್ನೂ ತೀರ್ಮಾನವಾಗಿಲ್ಲ. ಅಂಚೆ, ಪ್ಯಾಕಿಂಗ್, ಕಮಿಷನ್ ಮೂರೂ ಮನೆಗಳಲ್ಲಿ ಸೊನ್ನೆ ಬರೆದಿದ್ದಾರೆ. ಕಾಫಿಪುಡಿಗೆ ಅಲ್ಲಿ ಮನೆಯೇ ಇಲ್ಲ.

ತಕ್ಕಡಿ ಅಡುಗೆಮನೆಗೆ ವಾಪಸ್ ಹೋಗಿಲ್ಲ. ಧನ್ಯವಾದದ ಚೀಟಿಯೂ ಕವರಿನೊಳಗೆ ವಾಪಸ್ ಬಂದಿಲ್ಲ. ಅದರ ಬದಲು ಮೇಷ್ಟ್ರು ಲಗ್ನಪತ್ರಿಕೆಯ ರಟ್ಟಿನ ಒಳಬದಿಯಲ್ಲೇ, ಸೊಸೆಗೆ ಹೇಳಿ ಕೊಡಿಸಿದ ಪೆನ್ಸಿಲ್ಲಿನಲ್ಲಿ, ಎರಡು ಸಾಲು ಬರೆದಿಡುತ್ತಾರೆ.